ನಾಲ್ಕು ನಿಮಿಷ ಬಾಕಿ ಇದ್ದಾಗ ಹೊದಿಸಿದ ಶಾಲು

ಕೆಂಚನಟ್ಟಿಯಿಂದ ಹುಕ್ಕೇರಿಗೆ ಹೋಗುವ ಎಂಟೂವರೆಯ ಬಸ್ಸಿನಲ್ಲಿ ಆ ಸೋಮವಾರ ಶೆಟ್ಟೆಪ್ಪನ ದನಿಯೊಂದೇ ಕೇಳುತ್ತಿತ್ತು. ಹಿಂದಿನ ದಿನ ಊರಿನ ಕಬಡ್ಡಿ ತಂಡ, ಊರಿನದೇ ಅಂಗಳದಲ್ಲಿ, ಊರ ಜನರೆಲ್ಲರ ಕಣ್ಣೆದುರಿಗೆ, ಮೂಡಲಗಿ ತಂಡಕ್ಕೆ ಒಂದೇ ಒಂದು ಪಾಯಿಂಟಿನಿಂದ ಸೋತಿತ್ತು. ಅವರದು ಮೂವತ್ತೆರಡು, ನಮ್ಮದು ಮೂವತ್ತೊಂದು. ಈ ಸೋಲಿಗೆ ಯಾರ್ಯಾರು ಕಾರಣ ಎಂಬುದನ್ನು ಶೆಟ್ಟೆಪ್ಪ ಒಂದೊಂದೇ ಬೆರಳು ಮಡಚಿ ಬಸ್ಸಿಗೆಲ್ಲ ಕೇಳುವಂತೆ ಹೇಳುತ್ತಿದ್ದ. ಮೊದಲನೆಯವನು ರೆಫರಿ, ಅವನಿಗೆ ಕಣ್ಣಿಲ್ಲ. ಎರಡನೆಯದು ಪಂದ್ಯಾವಳಿ ನಡೆಸುವ ತರುಣ ಮಂಡಳ, ಅದಕ್ಕೆ ಬುದ್ಧಿಯಿಲ್ಲ. ಮೂರನೆಯವನು, ಎಲ್ಲರಿಗಿಂತ ದೊಡ್ಡ ಅಪರಾಧಿ, ಕೊನೆಯ ರೇಡಿಗೆ ಹೋಗಿ ಸಿಕ್ಕಿಬಿದ್ದ ಮಹಾಂತೇಶ.

"ಒಂದ್ ಗೇಣ್ರಿ, ಒಂದ ಗೇಣು! ಕೈ ಚಾಚಿದ್ರ ಗೆರಿ ಸಿಗ್ತಿತ್ತು. ಆ ಮಗಗ ಕೈ ಚಾಚಾಕ ಆಗಲಿಲ್ಲ. ಉಣ್ಣಾಕ ಕುಂತ್ರ ಕೈ ಎಷ್ಟ ಉದ್ದ ಬರತಾವು ನೋಡ್ರಿ!"

ಯಾರೂ ನಗಲಿಲ್ಲ. ಮೊಸರಿನ ಗಡಿಗೆ ತೊಡೆಯ ಮೇಲಿಟ್ಟುಕೊಂಡ ಹೆಂಗಸು ಕಿಟಕಿಯ ಹೊರಗೆ ಕಬ್ಬಿನ ಗದ್ದೆ ನೋಡತೊಡಗಿದಳು. ಎದುರು ಸೀಟಿನವ ಇಲ್ಲದ ಧೂಳು ಒರೆಸಿಕೊಂಡ. ಕಂಡಕ್ಟರ್ ಟಿಕೆಟ್ ಕೊಟ್ಟು ಬೇಗನೆ ಮುಂದೆ ಸರಿದ. ಊರಿಗೆ ಊರೇ ದುಃಖದಲ್ಲಿದೆ, ಪಾಪ, ಮಾತು ಹೊರಡುತ್ತಿಲ್ಲ ಎಂದುಕೊಂಡ ಶೆಟ್ಟೆಪ್ಪ. ನಾಲ್ಕನೆಯ ಬೆರಳನ್ನು ಅವನು ಮಡಚಲೇ ಇಲ್ಲ.

ಹೋದದ್ದು ಬರೀ ಒಂದು ಆಟವಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಪ್ರತಿ ವರ್ಷ ಕೆಂಚನಟ್ಟಿಯಲ್ಲಿ ನಡೆಯುವ ಈ ಪಂದ್ಯಾವಳಿಗೆ ಒಂದು ಢಾಲು ಇದೆ. ಎದೆಯಗಲದ ಕಟ್ಟಿಗೆಯ ಮೇಲೆ ಹಿತ್ತಾಳೆಯ ತಗಡು, ನಡುವೆ ಓಡುವ ಆಟಗಾರನ ಗೊಂಬೆ. ಗೆದ್ದವರು ಒಂದು ವರ್ಷ ಇಟ್ಟುಕೊಂಡು ಮರುವರ್ಷ ತಂದೊಪ್ಪಿಸಬೇಕು. ಸತತ ಮೂರು ವರ್ಷ ಗೆದ್ದರೆ ಮಾತ್ರ ಅದು ಕಾಯಂ ಅವರದು. ಮೂವತ್ತನಾಲ್ಕು ವರ್ಷಗಳಲ್ಲಿ ಯಾವ ಊರಿಗೂ ಅದು ಕಾಯಂ ಆಗಿರಲಿಲ್ಲ. ಕೆಂಚನಟ್ಟಿ ಎರಡು ವರ್ಷ ಗೆದ್ದು ಮೂರನೆಯದಕ್ಕೆ ನಿಂತಿತ್ತು. ಢಾಲು ತೂಗುಹಾಕಲು ಮಂಡಳದ ಕೋಣೆಯಲ್ಲಿ ಶೆಟ್ಟೆಪ್ಪ ತಾನೇ ಮೊಳೆ ಹೊಡೆದು ಬಂದಿದ್ದ. ಈಗ ಆ ಮೊಳೆ ಹಾಗೇ ಇದೆ, ಅದಕ್ಕೆ ಯಾರೋ ಛತ್ರಿ ತೂಗುಹಾಕಿದ್ದಾರೆ.

ಶೆಟ್ಟೆಪ್ಪನಿಗೆ ಐವತ್ತೆಂಟು. ಹುಕ್ಕೇರಿಯ ಒಂದು ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಕೆಲಸ. ಹೊಲದ ಬಾವಿಗಳಲ್ಲಿ ಸುಟ್ಟುಹೋದ ಪಂಪುಗಳ ಕರಿ ತಂತಿ ಕಿತ್ತು ಹೊಸ ತಂತಿ ಸುತ್ತುವುದು ಅವನ ಕಸುಬು. ಒಂದು ಸುತ್ತು ತಪ್ಪಿದರೂ ಮೋಟಾರು ತಿಂಗಳೊಳಗೆ ವಾಪಸು ಬರುತ್ತದೆ. ಅವನ ಕೈಯಿಂದ ಹೋದ ಮೋಟಾರು ವಾಪಸು ಬಂದದ್ದನ್ನು ಯಾರೂ ಕಂಡಿಲ್ಲ. ಆದರೆ ಅವನನ್ನು ಕೇಳಿದರೆ ತನ್ನ ಕೆಲಸ ಇದಲ್ಲ ಅನ್ನುತ್ತಿದ್ದ. ತನ್ನ ಕೆಲಸ ಕಬಡ್ಡಿ, ಇದು ಹೊಟ್ಟೆಪಾಡು.

ಹಾಗಂತ ಅವನು ಆಡಿದವನೂ ಅಲ್ಲ. ಕಬಡ್ಡಿಯಲ್ಲಿ ಏಳು ಮಂದಿ ಆಡುತ್ತಾರೆ, ಐದು ಮಂದಿ ಹೊರಗೆ ಕೂಡುತ್ತಾರೆ. ಇಪ್ಪತ್ತೆರಡರ ವಯಸ್ಸಿನಲ್ಲಿ ಶೆಟ್ಟೆಪ್ಪ ಆ ಐವರಲ್ಲಿ ಐದನೆಯವ. ಎರಡು ವರ್ಷ ಕೂತ. ಒಮ್ಮೆ ಮಾತ್ರ, ಆಡುತ್ತಿದ್ದವನೊಬ್ಬನ ತುಟಿ ಹರಿದು ರಕ್ತ ಬಂದಾಗ, ಆಗಿನ ಕ್ಯಾಪ್ಟನ್ ಸೋಮಪ್ಪ ಅವನ ಕಡೆ ಕೈ ಮಾಡಿ ಅಂಗಿ ಕಳಚಲು ಹೇಳಿದ. ಶೆಟ್ಟೆಪ್ಪ ಅಂಗಿ ಕಳಚಿ, ಅಚ್ಚುಕಟ್ಟಾಗಿ ಮಡಚಿ, ಚಪ್ಪಲಿಯ ಮೇಲಿಟ್ಟು ಎದ್ದು ನಿಲ್ಲುವಷ್ಟರಲ್ಲಿ ತುಟಿ ಹರಿದವ ತುಟಿಗೆ ಅರಿಷಿಣ ಒತ್ತಿಕೊಂಡು ತಿರುಗಿ ಒಳಗೆ ಹೋಗಿಬಿಟ್ಟಿದ್ದ. ಶೆಟ್ಟೆಪ್ಪ ಅಂಗಿ ತೊಟ್ಟುಕೊಂಡು ಕೂತ. ಅವನ ಆಟದ ಬದುಕು ಅಷ್ಟೇ.

ಆಮೇಲೆ ಅವನು ಅಂಗಳ ಹಿಡಿದ. ಪಂದ್ಯಾವಳಿ ಹತ್ತಿರವಾದರೆ ಹಳ್ಳದ ದಂಡೆಯ ಮಣ್ಣು ತರಿಸಿ, ತಾನೇ ಹೆಣೆದ ಜಾಳಿಗೆಯಲ್ಲಿ ಸೋಸಿ, ಮುಳ್ಳು, ಗಾಜಿನ ಚೂರು, ಬೆಣಚುಕಲ್ಲು ಆರಿಸಿ, ನೀರು ಚಿಮುಕಿಸಿ, ಉರುಳುಗಲ್ಲು ಎಳೆದು, ಸುಣ್ಣದ ಗೆರೆ ಹಾಕುವವ ಅವನೇ. ಬೆಳಿಗ್ಗೆ ಬರಿಗಾಲಲ್ಲಿ ಅಂಗಳದ ಮೂಲೆ ಮೂಲೆ ತುಳಿದು ನೋಡುತ್ತಿದ್ದ. ಮೂವತ್ತನಾಲ್ಕು ವರ್ಷದಲ್ಲಿ ಆ ಮಣ್ಣಿನಲ್ಲಿ ಒಬ್ಬ ಆಟಗಾರನ ಮೊಣಕಾಲಿಗೂ ಗಾಜು ಚುಚ್ಚಲಿಲ್ಲ. ಇನ್ನು ಕೂಗಾಟಕ್ಕೆ ಬಂದರೆ, ಗೋಕಾಕದಲ್ಲಿ ಒಂದು ಸೆಮಿಫೈನಲ್‌ಗೆ ಹೋದಾಗ ಕೂಗಿ ಕೂಗಿ ಗಂಟಲು ಬಿದ್ದು ಎಂಟು ದಿನ ಮಾತೇ ಬರಲಿಲ್ಲ. ಲಗ್ನವಾದ ಮೇಲೆ ತಾನು ಸುಖವಾಗಿದ್ದದ್ದು ಆ ಎಂಟು ದಿನ ಎಂದು ಹೆಂಡತಿ ಗೌರಕ್ಕ ಈಗಲೂ ಹೇಳುತ್ತಾಳೆ.

ನಮ್ಮ ಕಡೆ ಒಂದು ಚಟವಿದೆ. ಆಟ ಎಷ್ಟೇ ರಂಗೇರಿರಲಿ, ಅದನ್ನು ನಿಲ್ಲಿಸಿ ಯಾರಿಗಾದರೂ ಶಾಲು ಹೊದಿಸಬೇಕು. ನೀರಿನ ಕ್ಯಾನು ಕೊಟ್ಟವರಿಗೆ ಒಂದು ಶಾಲು, ಕುರ್ಚಿ ಕೊಟ್ಟವರಿಗೆ ಒಂದು, ಮಗನಿಗೆ ನೌಕರಿ ಸಿಕ್ಕಿತೆಂದು ಅಪ್ಪನಿಗೆ ಒಂದು, ರಸ್ತೆಯಲ್ಲಿ ಹೋಗುತ್ತಿದ್ದವರು ಗದ್ದಲ ಕೇಳಿ ಜೀಪು ನಿಲ್ಲಿಸಿದರೆ ಅವರಿಗೂ ಒಂದು. ಅಂಗಳದಲ್ಲಿ ಹದಿನಾಲ್ಕು ಮಂದಿ ಬೆವರು ಸುರಿಸುತ್ತ ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಾರೆ, ಇಲ್ಲಿ ಮೈಕಿನಲ್ಲಿ ಸನ್ಮಾನ್ಯರ ಗುಣಗಾನ ನಡೆದಿರುತ್ತದೆ. ಇದನ್ನು ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ದ್ವೇಷಿಸುತ್ತಿದ್ದವನು ಶೆಟ್ಟೆಪ್ಪ. ನಾಲ್ಕು ವರ್ಷದ ಹಿಂದೆ ಒಬ್ಬ ಗುತ್ತಿಗೆದಾರರಿಗೆ ಪೇಟ ಸುತ್ತುತ್ತಿದ್ದಾಗ, ಜನರ ನಡುವಿನಿಂದ ಎದ್ದು ಕೂಗಿದ್ದ: "ಸಾಹೇಬ್ರ, ಶಾಲು ಮನಿಗೆ ಒಯ್ದು ಹೊದ್ಕೊಳ್ರಿ! ಇಲ್ಲಿ ಹುಡುಗೂರ ಮೈ ಆರಾಕತ್ತೈತಿ!" ಅಂಗಳವೆಲ್ಲ ನಕ್ಕಿತು. ಗುತ್ತಿಗೆದಾರರು ಮರುವರ್ಷ ಬರಲಿಲ್ಲ.

ಆದರೆ ಮನುಷ್ಯನ ಒಳಗು ಬೇರೆ. ಪ್ರತಿ ಸಲ ಹೊಸ ಶಾಲಿನ ಪ್ಲಾಸ್ಟಿಕ್ ಚೀಲ ಹರಿಯುವ ಸಪ್ಪಳವಾದಾಗ ಶೆಟ್ಟೆಪ್ಪನ ಕತ್ತು ತಾನಾಗಿಯೇ ಆ ಕಡೆ ತಿರುಗುತ್ತಿತ್ತು. ಹೋದ ವರ್ಷ ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ, ಯಾರಿಗೂ ಅಲ್ಲ ಎಂಬಂತೆ ಅಂದಿದ್ದ: "ಸುಣ್ಣದ ಚೀಲ ಕೊಟ್ಟಂವಗ ಶಾಲು ಹಾಕಿದ್ರು. ಸುಣ್ಣ ಹಾಕಿದಂವ ಅಲ್ಲೇ ನಿಂತಿದ್ದ." ಗೌರಕ್ಕ ಆಗ ಪಲ್ಯ ಬಡಿಸಿದಳು. ಆದರೆ ಮಾತು ಅವಳ ಮನಸ್ಸಿನಲ್ಲಿ ಕೂತಿತು. ಈ ವರ್ಷ ಗೊಬ್ಬರ ತರಲು ಆಬಾಸಾಹೇಬರ ಅಂಗಡಿಗೆ ಹೋದಾಗ ಅದನ್ನು ಹೇಳಿಯೇ ಬಂದಳು. ಆಬಾಸಾಹೇಬರು ತರುಣ ಮಂಡಳದ ಅಧ್ಯಕ್ಷರು, ಪಂದ್ಯಾವಳಿಯ ಮೈಕು ಅವರದೇ ಕೈಯಲ್ಲಿ. ಅವರು ತಲೆಯ ಮೇಲೆ ಕೈ ಹೊತ್ತುಕೊಂಡರು.

"ತಪ್ಪಾತ್ರಿ ವೈನಿ. ಖರೇನ ತಪ್ಪಾತು. ಈ ಸಲ ಫೈನಲ್ ದಿವಸ, ಅರ್ಧ ಆಟ ಆದ ಕೂಡ್ಲೇ ಮಾಡಿಬಿಡೂಣು."

ಒಳ್ಳೆಯ ಮನಸ್ಸಿನಿಂದಲೇ ಅಂದರು. ಆದರೆ ಶಾಲು ಹೊದಿಸಬೇಕಾದ ಮುಖ್ಯ ಅತಿಥಿ, ಯಾವುದೋ ಸೊಸಾಯಿಟಿಯ ಚೇರ್ಮನ್ನರು, ಅರ್ಧ ಆಟ ಮುಗಿಯುವಾಗ ಬರಲಿಲ್ಲ. ಅವರು ಬಂದದ್ದು ಆಟ ಮುಗಿಯಲು ನಾಲ್ಕು ನಿಮಿಷ ಬಾಕಿ ಇದ್ದಾಗ. ಬಂದವರು ಕುರ್ಚಿಯ ಮೇಲೆ ಸರಿಯಾಗಿ ಕೂಡುವ ಮೊದಲೇ, ತಮಗೆ ಹಿಡಕಲ್‌ದಲ್ಲಿ ಒಂದು ಲಗ್ನವಿದೆ, ಬೇಗ ಹೋಗಬೇಕು ಅಂದರು.

ಆ ಹೊತ್ತಿನ ಆಟ ಹೇಗಿತ್ತೆಂದರೆ, ಮೂಡಲಗಿಯವರ ಉಸಿರು ಗಂಟಲಿಗೆ ಬಂದಿತ್ತು. ಅವರದು ಇಪ್ಪತ್ತೇಳು, ನಮ್ಮದು ಮೂವತ್ತೊಂದು. ಅವರ ಕಡೆ ಅಂಗಳದಲ್ಲಿ ಉಳಿದವರು ಇಬ್ಬರೇ. ಆ ಇಬ್ಬರಲ್ಲಿ ಒಬ್ಬ ಸಿದ್ರಾಯ, ಅವರ ಮುಖ್ಯ ರೇಡರ್, ಎಡಗಾಲಿನ ಮೀನಖಂಡ ಹಿಡಿದುಕೊಂಡು ಕುಂಟುತ್ತಿದ್ದ. ಬಿಡುವು ಕೇಳುವ ಎರಡು ಅವಕಾಶವನ್ನೂ ಅವರು ಆಗಲೇ ತಿಂದು ಮುಗಿಸಿದ್ದರು. ಇತ್ತ ಮಹಾಂತೇಶ ಕಾದ ಕಬ್ಬಿಣದಂತಿದ್ದ. ಹೊಲಗಳಲ್ಲಿ ನೀರಿನ ಪೈಪು ಜೋಡಿಸಿ ದುಡಿಯುವ ಇಪ್ಪತ್ಮೂರರ ಆಳು, ಹಿಡಿದ ಹತ್ತು ಕೈಗಳನ್ನು ಎಳೆದುಕೊಂಡು ಗೆರೆ ಮುಟ್ಟುವವ. ಆಗತಾನೇ ಒಂದು ಪಾಯಿಂಟು ತಂದಿದ್ದ. ಇನ್ನೊಂದೇ ಹಿಡಿತ, ಸಿದ್ರಾಯ ಹೊರಗೆ, ಢಾಲು ಒಳಗೆ. ಸುಣ್ಣದ ಗೆರೆಯ ಅಂಚಿನಲ್ಲಿ ಮಂಡಿಯೂರಿ ಕೂತ ಶೆಟ್ಟೆಪ್ಪ ಎದೆ ಬಡಿದುಕೊಳ್ಳುತ್ತ ಕೂಗುತ್ತಿದ್ದ: "ಬಿಡಬ್ಯಾಡ್ರಿ! ಉಸುರ ಬಿಡಾಕ ಬಿಡಬ್ಯಾಡ್ರಿ ಅವ್ರನ್ನ!"

ಸೀಟಿ ಕೂಗಿತು, ಆಟ ನಿಂತಿತು. ಮೈಕು ಮಾತಾಡಿತು.

"ನಮ್ಮ ಊರಿನ ಹಿರಿಯ ಕಬಡ್ಡಿ ಅಭಿಮಾನಿಗಳು, ಮೂವತ್ತನಾಲ್ಕು ವರ್ಷದಿಂದ ಈ ಅಂಗಳದ ಮಣ್ಣು ಸೋಸಿದವರು, ಶ್ರೀಮಾನ್ ಶೆಟ್ಟೆಪ್ಪನವರು ವೇದಿಕೆಗೆ ಬರಬೇಕು. ಅವರಿಗೆ ನಮ್ಮ ಮಂಡಳದ ವತಿಯಿಂದ ಸತ್ಕಾರ."

ಇಲ್ಲಿ ಅವನು ಒಂದು ಮಾತು ಅನ್ನಬಹುದಿತ್ತು. ಆಟ ಮುಗಿಯಲಿ ಅನ್ನಬಹುದಿತ್ತು. ಬೇರೆ ಯಾರ ಹೆಸರು ಕರೆದಿದ್ದರೂ ಅವನೇ ಎದ್ದು ಆ ಮಾತನ್ನು ಕೂಗಿರುತ್ತಿದ್ದ. ಅವನ ಕಿವಿಗೆ ಬಿದ್ದದ್ದು ಶ್ರೀಮಾನ್ ಎಂಬ ಶಬ್ದ. ತನ್ನ ಹೆಸರಿನ ಮುಂದೆ ಅದನ್ನು ಅವನು ಲಗ್ನಪತ್ರಿಕೆಯಲ್ಲೂ ಕಂಡಿರಲಿಲ್ಲ. ಎದ್ದ, ಮೊಣಕಾಲಿನ ಮಣ್ಣು ಝಾಡಿಸಿಕೊಂಡ, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ, ನಡೆದ.

ಚೇರ್ಮನ್ನರು ಪೇಟ ಸುತ್ತಿದರು, ಶಾಲು ಹೊದಿಸಿದರು, ಹಾರ ಹಾಕಿದರು, ಗೋಕಾಕದ ಕರದಂಟಿನ ಡಬ್ಬಿ ಕೈಗಿತ್ತರು. ಮೂರು ನಿಮಿಷದಲ್ಲಿ ಎಲ್ಲ ಮುಗಿಯಿತು. ಅಲ್ಲಿಗೆ ಇಳಿದಿದ್ದರೂ ಆಗುತ್ತಿತ್ತು. ಆಗ ಆಬಾಸಾಹೇಬರು ರೂಢಿಯ ಪ್ರಕಾರ ಮೈಕು ಚಾಚಿ, ಎರಡು ಮಾತು ಹೇಳ್ರಿ ಅಂದರು. ನಮ್ಮ ಕಡೆ ಎರಡು ಮಾತು ಹೇಳ್ರಿ ಅಂದರೆ ನಮಸ್ಕಾರ ಹೇಳಿ ಮೈಕು ವಾಪಸು ಕೊಡ್ರಿ ಎಂದರ್ಥ. ಶೆಟ್ಟೆಪ್ಪ ಮೈಕನ್ನು ಎರಡೂ ಕೈಯಿಂದ ಹಿಡಿದ.

ಎಂಟು ನಿಮಿಷ ಮಾತಾಡಿದ. ಅಂಗಿ ಕಳಚಿ ತೊಟ್ಟುಕೊಂಡ ಕಥೆ ಹೇಳಿದ. ಜಾಳಿಗೆ ಹೆಣೆದದ್ದು ಹೇಳಿದ. ಮೊದಲ ತಂಡದ ಸೋಮಪ್ಪನಿಂದ ಹಿಡಿದು, ಕೊಲ್ಹಾಪುರಕ್ಕೆ ಹೋಗಿ ನೆಲೆಸಿದವನು, ತೀರಿಕೊಂಡ ಶಿದ್ಲಿಂಗಪ್ಪ ಎಂದು ಎಲ್ಲ ಹಳೆಯ ಆಟಗಾರರ ಹೆಸರು ತೆಗೆದುಕೊಂಡ. ನಡುವೆ ಒಮ್ಮೆ ಕಣ್ಣೊರೆಸಿಕೊಂಡ. ಜನ ಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ಸುಮ್ಮನಾದರು, ಆಮೇಲೆ ಕೆಮ್ಮತೊಡಗಿದರು. ಶೆಟ್ಟೆಪ್ಪನಿಗೆ ಕೆಮ್ಮು ಕೇಳಲಿಲ್ಲ. ಅವನ ಮಗಳು ಕಾಜಲ್, ನಿಡಸೋಸಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುವವಳು, ಮುಂದೆ ನಿಂತು ಮೊಬೈಲಿನಲ್ಲಿ ಎಲ್ಲವನ್ನೂ ಹಿಡಿಯುತ್ತಿದ್ದಳು. ಜೀವನದಲ್ಲಿ ಮೊದಲ ಸಲ ಕಬಡ್ಡಿ ನೋಡಲು ಬಂದ ಗೌರಕ್ಕ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದಳು.

ಆಟ ಮತ್ತೆ ಶುರುವಾಯಿತು. ಸಿದ್ರಾಯ ಎದ್ದು ಬಂದು ಮೊದಲ ರೇಡಿಗೇ ಮೂವರನ್ನು ಮುಟ್ಟಿ ಹೋದ. ಮಹಾಂತೇಶ ಎರಡು ಸಲ ಹೋಗಿ ಬರಿಗೈಲಿ ಬಂದ. ಸಿದ್ರಾಯ ಮತ್ತೊಬ್ಬನನ್ನು ಮುಟ್ಟಿ ಅಂಕ ಸಮ ಮಾಡಿದ. ಎರಡು ಸಲ ಬರಿಗೈಲಿ ಬಂದರೆ ಮೂರನೆಯ ರೇಡಿನಲ್ಲಿ ಪಾಯಿಂಟು ತರಲೇಬೇಕು, ಇಲ್ಲವಾದರೆ ಔಟು. ಮಹಾಂತೇಶ ಆಳಕ್ಕೆ ಹೋದ, ತಿರುಗುವಾಗ ಕಾಲು ಅರ್ಧ ಕ್ಷಣ ತಡವಾಯಿತು, ಐದು ಮಂದಿ ಮೇಲೆ ಬಿದ್ದರು. ಅವನ ಬೆರಳಿಗೂ ನಡುಗೆರೆಗೂ ಒಂದು ಗೇಣಿತ್ತು. ಮೂಡಲಗಿಯವರು ಢಾಲು ಎತ್ತಿಕೊಂಡು ಟೆಂಪೊ ಹತ್ತಿ ಹೋದರು.

ಶೆಟ್ಟೆಪ್ಪ ಅಂದು ಪೇಟ ತೆಗೆಯದೆಯೇ ಮಹಾಂತೇಶನನ್ನು ಎಲ್ಲರೆದುರು ಬೈದ. ಆ ಹುಡುಗ ಪ್ರತಿ ಆಟಕ್ಕೆ ಮೊದಲು ಅವನ ಕಾಲು ಮುಟ್ಟಿ ಅಂಗಳಕ್ಕೆ ಇಳಿಯುತ್ತಿದ್ದವನು, ಬೆಳಗಿನ ಜಾವ ಬಂದು ಮಣ್ಣು ಸೋಸಲು ಜಾಳಿಗೆಯ ಇನ್ನೊಂದು ತುದಿ ಹಿಡಿಯುತ್ತಿದ್ದವನು. ತಲೆ ತಗ್ಗಿಸಿ ಕೇಳಿಸಿಕೊಂಡ. ಸೋಮವಾರ ಬಸ್ಸಿನಲ್ಲಿ ಬೈದದ್ದಾಯಿತು, ಮಂಗಳವಾರ ಚಹಾದಂಗಡಿಯಲ್ಲಿ. ಬುಧವಾರ ಮಂಡಳದ ಸಭೆ. ಮುಂದಿನ ತಿಂಗಳು ಗೋಕಾಕದ ಪಂದ್ಯಾವಳಿಗೆ ತಂಡ ಆರಿಸಬೇಕಿತ್ತು. ಯಾವಾಗಲೂ ಬಾಗಿಲ ಬಳಿ ನಿಲ್ಲುತ್ತಿದ್ದ ಶೆಟ್ಟೆಪ್ಪನಿಗೆ ಈ ಸಲ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದ್ದರು. ಸತ್ಕಾರವಾದ ಮನುಷ್ಯ.

"ಮಹಾಂತೇಶನ ಕೈ ಬಿಡ್ರಿ," ಅಂದ ಅವನು. "ನಾಕ ಪಾಯಿಂಟ್ ಮುಂದ ಇದ್ದ ಆಟ ಕಳದಂವ ಅಂವ. ಅಂವ ಟೀಮಿನ್ಯಾಗ ಇದ್ರ ನಾ ಇನ್ಮ್ಯಾಲ ಅಂಗಳಕ್ಕ ಕಾಲಿಡೂದಿಲ್ಲ."

ಕ್ಯಾಪ್ಟನ್ ಬಾಳೇಶ ಏನೋ ಹೇಳಲು ಬಾಯಿ ತೆರೆದ, ಆಬಾಸಾಹೇಬರ ಮುಖ ನೋಡಿದ, ಮುಚ್ಚಿದ. ಆಬಾಸಾಹೇಬರು ನೆಲ ನೋಡುತ್ತ, "ಹಿರಿಯರು ಅಂದ ಮ್ಯಾಲ ಆತಲ್ಲ," ಅಂದರು. ಹೀಗೆ ಹತ್ತು ನಿಮಿಷದಲ್ಲಿ ಮಹಾಂತೇಶ ತಂಡದಿಂದ ಹೊರಗೆ ಬಿದ್ದ. ತನ್ನ ಮಾತಿಗೆ ಊರಿನಲ್ಲಿ ಇಷ್ಟು ತೂಕ ಬಂದಿದೆಯಲ್ಲ ಎಂದು ಶೆಟ್ಟೆಪ್ಪನಿಗೆ ಸೋಲಿನ ಸಂಕಟದಲ್ಲೂ ಒಂದು ಸಮಾಧಾನವಾಯಿತು. ಇದನ್ನು ಮುಚ್ಚಿಟ್ಟು ಕಥೆ ಹೇಳಿದರೆ ಸುಳ್ಳು ಹೇಳಿದಂತಾಗುತ್ತದೆ.

ಗುರುವಾರ ಹಿಡಕಲ್ ಕಡೆಯ ಒಬ್ಬ ರೈತ ಸುಟ್ಟ ಮೋಟಾರು ತಂದ. ಹೊಸ ತಂತಿ ಸುತ್ತಿ ಮುಗಿಸಿ, ವಾರ್ನಿಶ್ ಒಣಗುವ ತನಕ ಅವನಿಗೆ ಚಹಾ ತರಿಸಿ, ಶೆಟ್ಟೆಪ್ಪ ಮೊಬೈಲು ತೆಗೆದ. ಕಾಜಲ್ ಕಳಿಸಿದ ಆ ವಿಡಿಯೊವನ್ನು ಅವನು ನಾಲ್ಕು ದಿನದಲ್ಲಿ ಇಪ್ಪತ್ತು ಸಲ ನೋಡಿದ್ದ. ಅಂಗಡಿಗೆ ಬಂದವರಿಗೆಲ್ಲ ತೋರಿಸಿದ್ದ. ಪ್ರತಿ ಸಲ ನೋಡಿದ್ದು ತನ್ನ ಮುಖ, ಸ್ವಲ್ಪ ಸೊಟ್ಟ ಕೂತ ಪೇಟ, ಹೆಗಲ ಮೇಲಿನ ಶಾಲು.

ರೈತ ಚಹಾ ಹೀರುತ್ತ ನೋಡಿದ. ಅವನಿಗೆ ಕೆಂಚನಟ್ಟಿಯೂ ಗೊತ್ತಿಲ್ಲ, ಢಾಲಿನ ಸುದ್ದಿಯೂ ಗೊತ್ತಿಲ್ಲ.

"ಚಲೋ ಮಾತಾಡಿರಿ," ಅಂದ. "ಮತ್ತ ನಿಮ್ಮ ಹಿಂದ ಒಬ್ಬಾಂವ ಮಕ್ಕೊಂಡು ಕಾಲು ತಿಕ್ಕಿಸ್ಕೊಳ್ಳಾಕತ್ತಾನಲ್ರಿ, ಅಂವ ಯಾರು?"

"ಎಲ್ಲಿ? ಹಾಂ, ಅಂವ ಸಿದ್ರಾಯ ಅಂತ. ಮೂಡಲಗಿ ರೇಡರ್."

"ಆಮ್ಯಾಲ ಆಡಿದ್ನೇನ್ರಿ?"

"ಅವ್ರನ್ನ ಗೆಲಿಸಿದಂವನ ಅಂವ."

"ಹಂಗಾರ ಆರಾಮಾಗಾಕ ಟೈಮ್ ಬರೋಬ್ಬರಿ ಸಿಕ್ಕೈತಿ ಬಿಡ್ರಿ," ಅಂದು ರೈತ ಕಪ್ಪು ಕೆಳಗಿಟ್ಟ.

ಶೆಟ್ಟೆಪ್ಪ ಮೊಬೈಲು ಕೈಗೆ ತೆಗೆದುಕೊಂಡ. ಈ ಸಲ ತನ್ನ ಮುಖ ಬಿಟ್ಟು, ತನ್ನ ಹೆಗಲ ಮೇಲಿಂದ ಹಿಂದೆ ನೋಡಿದ. ಮೊದಲ ನಿಮಿಷದಲ್ಲಿ ಸಿದ್ರಾಯ ಮಣ್ಣಿನ ಮೇಲೆ ಬಿದ್ದುಕೊಂಡಿದ್ದ, ಮುಖ ನೋವಿಗೆ ಹಿಂಡಿಹೋಗಿತ್ತು. ಇಬ್ಬರು ಅವನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಶೆಟ್ಟೆಪ್ಪ ಅಂಗಿ ಮಡಚಿದ ಕಥೆ ಹೇಳುವಷ್ಟರಲ್ಲಿ ಅವನು ಎದ್ದು ಕೂತು ಲಿಂಬಿ ಪಾನಕ ಕುಡಿದ. ಜಾಳಿಗೆಯ ಮಾತು ಬಂದಾಗ ಎದ್ದು ನಿಂತು ಒಂದು ಹೆಜ್ಜೆ ಇಟ್ಟ. ಶಿದ್ಲಿಂಗಪ್ಪನ ಹೆಸರು ಹೇಳಿ ಶೆಟ್ಟೆಪ್ಪ ಕಣ್ಣೊರೆಸಿಕೊಳ್ಳುವಾಗ ಸಿದ್ರಾಯ ನಿಂತಲ್ಲೇ ಜಿಗಿಯುತ್ತಿದ್ದ. ಕೊನೆಯ ಜಯಕಾರದ ಹೊತ್ತಿಗೆ ಅಂಗಳದ ಆ ತುದಿಯಿಂದ ಈ ತುದಿಗೆ ಓಡಿ ತೋರಿಸಿ, ತನ್ನವರ ಕೈಗೆ ಕೈ ಬಡಿಯುತ್ತಿದ್ದ.

ರೈತನ ಮೋಟಾರಿಗೆ ಮುಚ್ಚಳ ಹಾಕುವುದನ್ನೂ ಮರೆತು ಶೆಟ್ಟೆಪ್ಪ ಬಸ್ಸು ಹಿಡಿದು ಊರಿಗೆ ಬಂದ. ಸೀದಾ ಆಬಾಸಾಹೇಬರ ಗೊಬ್ಬರದ ಅಂಗಡಿಗೆ ಹೋಗಿ ಮೊಬೈಲನ್ನು ಅವರ ಮುಂದೆ ಹಿಡಿದ.

"ನೋಡ್ರಿ ಇದನ್ನ. ನನ್ನ ಹಿಂದ ನೋಡ್ರಿ. ಆಟ ಕಳದಂವ ಮಹಾಂತೇಶ ಅಲ್ಲ."

ಆಬಾಸಾಹೇಬರು ಮೊಬೈಲಿನ ಕಡೆ ನೋಡಲೇ ಇಲ್ಲ. ಚೀಲದ ಬಾಯಿ ಕಟ್ಟುತ್ತ ಮೆಲ್ಲಗೆ ಅಂದರು: "ಗೊತ್ತೈತ್ರಿ ಶೆಟ್ಟೆಪ್ಪಣ್ಣ. ಅವತ್ತ ಗೊತ್ತಾಗೈತಿ, ಎಲ್ಲಾರಿಗೂ."

"ಎಲ್ಲಾರಿಗೂ?"

"ಊರಿಗೆಲ್ಲಾ."

"ಮತ್ತ ಸಭಾದಾಗ ಯಾರೂ ಯಾಕ ಅನಲಿಲ್ಲ? ನೀವರ ಯಾಕ ಅನಲಿಲ್ಲ?"

"ಶಾಲು ಹೊದಿಸಿ ಮೂರು ದಿನಾ ಆಗಿಲ್ಲ, ನಿಮ್ಮ ಮಾರಿಗೆ ಹೆಂಗ ಅನ್ನೂದ್ರಿ?" ಅಂದರು ಆಬಾಸಾಹೇಬರು. "ಮೈಕ್ ಕೊಟ್ಟಂವ ನಾನು. ನಂದೂ ತಪ್ಪ ಐತಿ. ಆ ಹುಡುಗ ಸಣ್ಣಾಂವ, ತಡಕೋತಾನ ಅಂತ ಸುಮ್ನಾದ್ವಿ."

ಎಂಥ ಸಭ್ಯ ಊರು ನೋಡಿ. ಹಿರಿಯನ ಮನಸ್ಸು ನೋಯಬಾರದೆಂದು ಇಡೀ ಊರು ಒಬ್ಬ ಹುಡುಗನ ಕತ್ತು ಕೊಟ್ಟು ಕೈ ತೊಳೆದುಕೊಂಡಿತು. ಬಸ್ಸಿನಲ್ಲಿ ಮೊಸರಿನವಳು ಕಿಟಕಿಯ ಹೊರಗೆ ಯಾಕೆ ನೋಡಿದಳೆಂದು ಶೆಟ್ಟೆಪ್ಪನಿಗೆ ಈಗ ತಿಳಿಯಿತು. ನಾಚಿಕೆ ಅವನನ್ನು ನಿಂತಲ್ಲೇ ಸುಟ್ಟಿತು, ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು. ಆ ಸಿಟ್ಟನ್ನು ಯಾರ ಮೇಲೆ ಹಾಕುವುದೆಂದು ಮಾತ್ರ ಗೊತ್ತಾಗಲಿಲ್ಲ.

ಮನೆಗೆ ಬಂದು ಗೋಡೆಯ ಮಾಡದಲ್ಲಿದ್ದ ಕರದಂಟಿನ ಡಬ್ಬಿ ತೆಗೆದುಕೊಂಡ. ಯಾರಿಗೂ ಒಡೆಯಲು ಬಿಡದೆ ಇಟ್ಟದ್ದು. ಗೌರಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಮಹಾಂತೇಶನ ಕಡೆ ಹೊಂಟೀರೇನ್ರಿ?"

"ಹೂಂ."

"ಲಗೂನ ಹೋಗ್ರಿ," ಅಂದಳು. "ಮೂಡಲಗಿಯಿಂದ ಯಾರೋ ಗಾಡಿ ತಗೊಂಡು ಬಂದಾರಂತ." ಆಮೇಲೆ ದನಿ ಇಳಿಸಿ, "ನಾ ಆಬಾಸಾಹೇಬರಿಗೆ ಹೇಳಬಾರದಿತ್ತು," ಅಂದಳು. ಶೆಟ್ಟೆಪ್ಪ ಚಪ್ಪಲಿ ಮೆಟ್ಟಿಕೊಂಡ. ಅವಳನ್ನು ಬೈಯಲು ಅವನಲ್ಲಿ ಮುಖ ಉಳಿದಿರಲಿಲ್ಲ.

ಬಸ್ ಸ್ಟ್ಯಾಂಡಿನ ಬಾಜೂ ಬೇವಿನ ಗಿಡದ ಕೆಳಗೆ ಮೋಟಾರ್ ಸೈಕಲ್ ನಿಂತಿತ್ತು. ಮೇಲೆ ಕೂತವನು ಸಿದ್ರಾಯ. ಹಿಂದೆ ಹತ್ತಲು ಅಣಿಯಾಗಿ, ಹೆಗಲಿಗೆ ಚೀಲ ಹಾಕಿಕೊಂಡು ನಿಂತವನು ಮಹಾಂತೇಶ. ಮೂಡಲಗಿಯವರು ಅವನನ್ನು ತಮ್ಮ ತಂಡಕ್ಕೆ ಕರೆದಿದ್ದರು. ಊರು ಕೈಬಿಟ್ಟವನನ್ನು ಅವರು ಒಂದು ದಿನವೂ ಖಾಲಿ ಬಿಡಲಿಲ್ಲ, ಅಷ್ಟು ಆಟ ತಿಳಿದವರು.

ಶೆಟ್ಟೆಪ್ಪನನ್ನು ಕಂಡ ಮಹಾಂತೇಶ ಚೀಲ ಕೆಳಗಿಟ್ಟು ಬಂದು, ಯಾವಾಗಿನಂತೆ ಬಗ್ಗಿ ಕಾಲು ಮುಟ್ಟಿದ.

"ಹೋಗಬ್ಯಾಡೋ ತಮ್ಮಾ," ಅಂದ ಶೆಟ್ಟೆಪ್ಪ. "ನನ್ನ ಕಡೆ ತಪ್ಪಾಗೈತಿ. ಸಿದ್ರಾಯನ ಕಾಲು ನೆಟ್ಟಗಾಗಾಕ ಟೈಮ್ ಕೊಟ್ಟಂವ ನಾನ. ನಾಳೆ ಸಭಾ ಕರಸ್ತೇನಿ, ಎಲ್ಲಾರ ಮುಂದ ಹೇಳ್ತೇನಿ. ತಗೋ ಇದನ್ನ."

ಮಹಾಂತೇಶ ಡಬ್ಬಿ ನೋಡಿ ಕೈ ಹಿಂದೆ ತೆಗೆದುಕೊಂಡ. "ಬ್ಯಾಡ್ರಿ ಕಾಕಾ. ಅದು ನಿಮ್ಮ ಸತ್ಕಾರದ್ದು."

"ಸಿಟ್ಟ ಇದ್ರ ಬೈದ ಬಿಡೋ."

"ಸಿಟ್ಟಿಲ್ರಿ." ಅಂದ ಮಹಾಂತೇಶ. "ಸಿದ್ರಾಯನ ಕಾಲಿನ ಮಾತು ಬಿಡ್ರಿ. ನನ್ನ ಕಾಲಿಂದ ಹೇಳ್ತೇನಿ. ನೀವು ಮಾತಾಡೂಮುಂದ ಬಾಳೇಶ ಹೇಳಿದ, ನಿಂದರಬ್ಯಾಡ, ಓಡ್ಯಾಡು, ಕಾಲು ಬಿಗಿತಾವು ಅಂತ. ನನಗೂ ಗೊತ್ತಿತ್ತು. ಆದ್ರ ನೀವು ಒಬ್ಬೊಬ್ಬರದ ಹೆಸರು ತಗೊಳ್ಳಾಕತ್ತಿದ್ರಿ. ಈಗ ನಂದು ಬರತೈತಿ, ಈಗ ನಂದು ಬರತೈತಿ ಅಂತ ಗೆರಿ ಮ್ಯಾಲ ನಿಂತ ಬಿಟ್ನಿ. ಜಾಳಿಗಿ ಮಾತು ಬಂದಾಗಂತೂ ಬಂತು ಅಂತನ ತಿಳ್ಕೊಂಡೆ."

"ತಗೊಂಡಿದ್ನಲ್ಲೋ... ನಿನ್ನ ಹೆಸರು ತಗೊಳ್ದ ಇರತೇನೇನು?"

"ಇರಲಿ ಬಿಡ್ರಿ ಕಾಕಾ," ಅಂದು ಮಹಾಂತೇಶ ಚೀಲ ಹೆಗಲಿಗೇರಿಸಿ ಗಾಡಿ ಹತ್ತಿದ. ಸಿದ್ರಾಯ ಶೆಟ್ಟೆಪ್ಪನಿಗೆ ಕೈಮುಗಿದು ಕಿಕ್ ಹೊಡೆದ. ಅವನ ಎಡಗಾಲು ಗಟ್ಟಿಯಾಗಿತ್ತು.

ಗಾಡಿ ಮರೆಯಾದ ಮೇಲೆ ಶೆಟ್ಟೆಪ್ಪ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಮೊಬೈಲು ತೆಗೆದ. ದನಿ ಪೂರ್ತಿ ಏರಿಸಿ ಕಿವಿಗೆ ಹಿಡಿದ. ಸೋಮಪ್ಪ ಬಂದ, ಶಿದ್ಲಿಂಗಪ್ಪ ಬಂದ, ಕೊಲ್ಹಾಪುರಕ್ಕೆ ಹೋದವನು ಬಂದ, ತುಟಿ ಹರಿದವನೂ ಬಂದ. ಸುಣ್ಣದ ಚೀಲ ಕೊಟ್ಟವನ ಹೆಸರೂ ಬಂತು. "ಈ ಜಾಳಿಗಿ ನಾ ಒಬ್ಬನ ಹಿಡದು ಸೋಸಿದ್ದು" ಎಂಬ ಮಾತು ಬಂತು. ತನ್ನ ಹೆಸರನ್ನು ತಾನೇ ಮೂರು ಸಲ ಹೇಳಿಕೊಂಡಿದ್ದ. ಆಮೇಲೆ ಜಯಕಾರ, ಚಪ್ಪಾಳೆ, ಮುಗಿಯಿತು.

ಕಿವಿಯಿಂದ ತೆಗೆದು ಕಣ್ಣೆದುರು ಹಿಡಿದು ಮತ್ತೊಮ್ಮೆ ಹಚ್ಚಿದ. ಪರದೆಯ ಎಡತುದಿಯಲ್ಲಿ, ಶಾಲಿನ ಅಂಚಿಗೆ ತಾಗುವಂತೆ, ಮಹಾಂತೇಶ ಸುಣ್ಣದ ಗೆರೆಯ ಮೇಲೆ ನಿಂತಿ‌ದ್ದ. ಎಂಟು ನಿಮಿಷವೂ ಅಲ್ಲೇ ನಿಂತು ಮೈಕಿನ ಕಡೆಗೇ ನೋಡುತ್ತಿದ್ದ.